ಕರೆಂಟು ಬಿಲ್ಲನ್ನು ಮಕ್ಕಳ ಕೈಗೆ ಕೊಡಿ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಪ್ರಶ್ನೋತ್ತರಗಳನ್ನು ಚೆನ್ನಾಗಿಯೇ ಒಪ್ಪಿಸುತ್ತಾರೆ. ಓದಿದ್ದನ್ನು ಅರ್ಥಮಾಡಿಕೊಂಡು ಇನ್ನೊಬ್ಬರಿಗೆ ತಿಳಿಸಿಹೇಳುವ ಸಾಮರ್ಥ್ಯಕ್ಕೆ ಮಾತ್ರ ಮನೆಯ ಅಭ್ಯಾಸವೂ ಬೇಕು. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲನ್ನು 7ನೆಯ ತರಗತಿಯ ಮಗಳ ಕೈಗಿತ್ತು, ಅದನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸಲು ಹೇಳುತ್ತೇನೆ. ಈಗಿನ ರೀಡಿಂಗಿನಿಂದ ಹಿಂದಿನದನ್ನು ಕಳೆದು, ಬಂದ ಯೂನಿಟ್ಟುಗಳನ್ನು 60 ದಿನಗಳಿಗೆ ಹಂಚಿ, 1 ಎಚ್.ಪಿ. ಪಂಪು ಗಂಟೆಗೆ ಮುಕ್ಕಾಲರಿಂದ ಒಂದು ಯೂನಿಟ್ ಎಳೆಯುತ್ತದೆಂಬ ಲೆಕ್ಕದಲ್ಲಿ ಬಾವಿಯ ಪಂಪಿನ ಪಾಲೆಷ್ಟೆಂದು ಅವಳೇ ಅಂದಾಜು ಮಾಡುತ್ತಾಳೆ. ತಿಳಿಯದ ಮಲಯಾಳ ಪದಗಳನ್ನು ನೆರೆಮನೆಯ ಗೆಳತಿಯಲ್ಲಿ ಕೇಳಿಕೊಳ್ಳುತ್ತಾಳೆ, ಅದೂ ಕಲಿಕೆಯೇ. "ಫಿಕ್ಸೆಡ್ ಚಾರ್ಜ್ ಅಂದರೆ ಎಂತದು?" ಎಂದು ಅಜ್ಜಿ ಕೇಳಿದಾಗ ಮಗು ತಡವರಿಸಿದರೂ ದಯವಿಟ್ಟು ನಡುವೆ ಬಾಯಿ ಹಾಕಬೇಡಿ, ಉತ್ತರ ಹುಡುಕಲು ಒಂದು ದಿನದ ಸಮಯ ಕೊಡಿ.