ಜಾತ್ರೆ, ಮದುವೆ ವಿಡಿಯೊ ಜೋಡಿಸಲು ಯಾವ ಸಾಫ್ಟ್‌ವೇರ್ ಸಾಕು?

ಕೊಪ್ಪಳದ ಗವಿಮಠದ ಜಾತ್ರೆ ಮುಗಿಯಿತೆಂದರೆ ಮನೆಮನೆಯ ಫೋನ್‌ಗಳಲ್ಲೂ ತೇರಿನ ವಿಡಿಯೊ ತುಂಬಿರುತ್ತವೆ. ಚೂರುಚೂರಾಗಿ ಬಿದ್ದಿರುವ ಆ ಕ್ಲಿಪ್‌ಗಳನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ. ಅದೇ ಹತ್ತು ನಿಮಿಷದ ಒಂದು ವಿಡಿಯೊ ಮಾಡಿಕೊಟ್ಟರೆ ಮನೆಮಂದಿಯೆಲ್ಲ ಕೂತು ನೋಡುತ್ತಾರೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮೊದಲು ನಿಮ್ಮ ಕಂಪ್ಯೂಟರ್ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ, ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ, ಅಂದರೆ ರ‍್ಯಾಮ್ ಎಷ್ಟಿದೆ ಎಂದು ಕಾಣುತ್ತದೆ. ಸಾಫ್ಟ್‌ವೇರ್ ಆಯ್ಕೆ ನಿಂತಿರುವುದೇ ಇದರ ಮೇಲೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಬಣ್ಣ ತಿದ್ದುವುದರಲ್ಲಿ ಅದು ನಿಜಕ್ಕೂ ದೊಡ್ಡದು. ಆದರೆ 16 ಜಿಬಿ ರ‍್ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ನಿಂತುಬಿಡುತ್ತದೆ.

8 ಜಿಬಿಯ ಸಾಧಾರಣ ಲ್ಯಾಪ್‌ಟಾಪ್ ಇದ್ದವರಿಗೆ ನಾನು ಹೇಳುವುದು ಶಾಟ್‌ಕಟ್. ಪೂರ್ತಿ ಉಚಿತ, ವಾಟರ್‌ಮಾರ್ಕ್ (ವಿಡಿಯೊ ಮೇಲೆ ಕಂಪನಿಯ ಗುರುತು) ಬೀಳುವುದಿಲ್ಲ, ಇನ್‌ಸ್ಟಾಲ್ ಆದ ಮೇಲೆ ಇಂಟರ್‌ನೆಟ್ ಕೂಡ ಬೇಡ. ಕೆಡೆನ್‌ಲೈವ್ ಕೂಡ ಹೀಗೇ ಉಚಿತ. ಆಡಿಯೊ, ವಿಡಿಯೊ ಟ್ರ್ಯಾಕ್ (ಒಂದರ ಮೇಲೊಂದು ಇಡುವ ಸಾಲು) ಜಾಸ್ತಿ ಇಟ್ಟುಕೊಂಡು ಕೆಲಸ ಮಾಡುವವರಿಗೆ ಅದು ಹಿಡಿಸಬಹುದು. ವಿಂಡೋಸ್ 11ರ ಜೊತೆಗೇ ಬರುವ ಕ್ಲಿಪ್‌ಚಾಂಪ್ ಕಲಿಯಲು ಎಲ್ಲಕ್ಕಿಂತ ಸುಲಭ. ಉಚಿತವಾಗಿ 1080ಪಿವರೆಗೆ (ಫುಲ್ ಎಚ್‌ಡಿ ಗುಣಮಟ್ಟ) ವಾಟರ್‌ಮಾರ್ಕ್ ಇಲ್ಲದೆ ಸಿಗುತ್ತದೆ. ಮ್ಯಾಕ್ ಇದ್ದವರು ಐಮೂವಿ ಬಿಟ್ಟು ಬೇರೆಲ್ಲೂ ಹುಡುಕುವುದು ಬೇಡ. ಫಿಲ್ಮೊರಾ ಚೆಂದವಾಗಿಯೇ ಇದೆ, ಆದರೆ ದುಡ್ಡು ಕೊಡದಿದ್ದರೆ ಎಕ್ಸ್‌ಪೋರ್ಟ್ ಮಾಡಿದ (ಕೊನೆಗೆ ಒಂದೇ ಫೈಲಾಗಿ ಉಳಿಸಿಕೊಂಡ) ವಿಡಿಯೊ ಮೇಲೆ ಅದರ ಗುರುತು ಉಳಿಯುತ್ತದೆ. ಎಲ್ಲ ಎಡಿಟಿಂಗ್ ಮುಗಿಸಿ ಕೊನೆಗೆ ಇದು ಗೊತ್ತಾದರೆ ಎಷ್ಟು ಬೇಜಾರು ಅಲ್ವಾ?

ಅದಕ್ಕೇ ಮೊದಲು ಒಂದೇ ನಿಮಿಷದ ವಿಡಿಯೊ ಹಾಕಿ ಪರೀಕ್ಷೆ ಮಾಡಿ. ಕತ್ತರಿಸಿ, ಕನ್ನಡದಲ್ಲಿ ಹೆಸರು ಹಾಕಿ, ಎಕ್ಸ್‌ಪೋರ್ಟ್‌ವರೆಗೂ ಹೋಗಿ. ಹೆಸರು ಹಾಕುವಾಗ ‘ಶ್ರೀ’, ‘ಕ್ಷೇತ್ರ’, ‘ಕಾರ್ಯಕ್ರಮ’ ಎಂದು ಟೈಪ್ ಮಾಡಿ ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಆ ಸಾಫ್ಟ್‌ವೇರ್ ನಮಗಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಅಕ್ಷರವನ್ನು ಇಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಒಂದೇ ರೀತಿ ಓದಲು ಬರುವ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನಿರ್ಮಲಾ ಯುಐ ಫಾಂಟ್ ವಿಂಡೋಸ್‌ನಲ್ಲೇ ಇದೆ, ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ.

ಇನ್ನು ಶಾಟ್‌ಕಟ್‌ನಲ್ಲಿ ಕೆಲಸ. ಫೋನಿನ ವಿಡಿಯೊಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ. ಎಡಿಟಿಂಗ್ ಶುರುವಾದ ಮೇಲೆ ಆ ಫೋಲ್ಡರ್ ಕದಲಿಸಬೇಡಿ, ಪ್ರಾಜೆಕ್ಟ್ ಫೈಲ್ ಅಲ್ಲಿಂದಲೇ ವಿಡಿಯೊ ಓದುತ್ತದೆ. ಫೋನ್‌ಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಬದಲಿಸುವುದರಿಂದ ಕೆಲವು ಕ್ಲಿಪ್‌ಗಳಲ್ಲಿ ಮಾತು ಮತ್ತು ತುಟಿ ಹೊಂದುವುದಿಲ್ಲ. ಅಂಥ ಕ್ಲಿಪ್ ತೆರೆದಾಗ ಶಾಟ್‌ಕಟ್ ತಾನೇ ‘ಪರಿವರ್ತಿಸಲೇ?’ ಎಂದು ಕೇಳುತ್ತದೆ. ಸಮಯ ಹಿಡಿದರೂ ಒಪ್ಪಿಕೊಳ್ಳಿ. ಆಮೇಲೆ ಕ್ಲಿಪ್‌ಗಳನ್ನು ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ಎಳೆಯಿರಿ. ಬೇಡದ ಜಾಗದ ಎರಡೂ ತುದಿಗೆ ಎಸ್ ಒತ್ತಿ ತುಂಡು ಮಾಡಿ, ಆ ತುಂಡನ್ನು ಆರಿಸಿ ಎಕ್ಸ್ ಒತ್ತಿದರೆ ಉಳಿದದ್ದು ತಾನೇ ಹತ್ತಿರ ಬರುತ್ತದೆ. ಹೆಸರು ಮೊದಲ ಐದು ಸೆಕೆಂಡ್ ಮಾತ್ರ ಕಾಣಬೇಕೆಂದರೆ ಅಷ್ಟನ್ನು ತುಂಡು ಮಾಡಿ, ಅದಕ್ಕಷ್ಟೇ ಟೆಕ್ಸ್ಟ್ ಫಿಲ್ಟರ್ ಹಾಕಿ. 4ಕೆ ವಿಡಿಯೊ ತಡವರಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ. ಎಡಿಟಿಂಗ್‌ಗೆ ಚಿಕ್ಕ ನಕಲು ಬಳಕೆಯಾಗುತ್ತದೆ, ಎಕ್ಸ್‌ಪೋರ್ಟ್ ಮೂಲದಿಂದಲೇ ಆಗುತ್ತದೆ.

ಡೊಳ್ಳು, ಧ್ವನಿವರ್ಧಕದ ಗದ್ದಲ ಸ್ವಲ್ಪ ತಗ್ಗಿಸಿ, ಆದರೆ ಪೂರ್ತಿ ತೆಗೆಯಬೇಡಿ. ಹಿನ್ನೆಲೆ ಸಂಗೀತಕ್ಕಾಗಿ ಅಜ್ಜಿಯ ದನಿ ಮುಚ್ಚಿಹೋಗುವುದು ನನಗಂತೂ ಇಷ್ಟವಿಲ್ಲ.

ಎಕ್ಸ್‌ಪೋರ್ಟ್ ಮಾಡುವಾಗ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಲ್ಲಿ ಮಧ್ಯಾಹ್ನಕ್ಕಿಂತ ಬೆಳಗಿನ ಜಾವ ಒಳ್ಳೆಯದು. ಹಾಸಿಗೆ ಮೇಲಿಡದೆ ಗಟ್ಟಿ ಮೇಜಿನ ಮೇಲಿಡಿ, ಫ್ಯಾನ್ ಹಾಕಿ. ಕರೆಂಟ್ ಹೋಗುವುದು ಇದ್ದದ್ದೇ, ಹಾಗಾಗಿ ಬ್ಯಾಟರಿ ತುಂಬಿಸಿಕೊಂಡೇ ಶುರು ಮಾಡಿ. ಎಂಪಿ4, ಎಚ್.264, 1080ಪಿ ಆರಿಸಿದರೆ ಟಿವಿಗೂ ಫೋನಿಗೂ ಸರಿಹೋಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ಕೊನೆಯವರೆಗೂ ಓಡಿಸಿ ನೋಡಿ, ಆಮೇಲಷ್ಟೇ ಫೋನಿನಿಂದ ಮೂಲ ವಿಡಿಯೊ ಅಳಿಸಿ. ಅದರ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲೂ ಇರಲಿ.