ಹೊಸ ಮನೆಗೆ ಜಾಲಂಧ್ರ: ಕಾಂಕ್ರೀಟ್‌ನಲ್ಲಿ ಎರಕ ಹೊಯ್ಯುವುದು ಹೇಗೆ?

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಗೋಡೆಗಳಲ್ಲಿ ಕಲ್ಲನ್ನೇ ಜಾಲರಿಯಂತೆ ಕೊರೆದು ಮಾಡಿದ ಕಿಟಕಿಗಳಿವೆ. ಇವೇ ಜಾಲಂಧ್ರ. ಅವು 8ನೇ ಶತಮಾನದವು. ಬೇಲೂರಿನಲ್ಲೂ ಇಂಥ ಜಾಲಂಧ್ರಗಳನ್ನು ನೋಡಬಹುದು. ವಿಜಯಪುರದ ಇಬ್ರಾಹಿಂ ರೋಜಾದಲ್ಲಂತೂ ಅಕ್ಷರಗಳೇ ಜಾಲರಿಯಾಗಿವೆ.

ಹಳೆಯ ಕಟ್ಟಡದ ಕಳೆ ಬೇಕು ಅಂತ ಮನೆಯ ಮುಂದೆ ಸಿಮೆಂಟ್ ಕಂಬ, ಗೋಪುರದ ತುಣುಕು ಅಂಟಿಸುವವರಿದ್ದಾರೆ. ಅದರ ಮೇಲೆ ಧೂಳು ಕೂರುತ್ತದೆ, ಅಷ್ಟೇ. ಜಾಲಂಧ್ರವಾದರೆ ಬಿಸಿಲು ತಡೆದು ಗಾಳಿ ಬಿಡುತ್ತದೆ. ಮೆಟ್ಟಿಲ ಗೋಡೆಗೆ, ಪಡಸಾಲೆಗೆ, ಪಶ್ಚಿಮದ ಬಾಲ್ಕನಿಗೆ ಚೆನ್ನಾಗಿ ಒಗ್ಗುತ್ತದೆ.

ಮೊದಲು ವಿನ್ಯಾಸ. ಗುಡಿಯ ಫೋಟೊ ತೆಗೆದು, ಮನೆಯಲ್ಲಿ ಕೂತು ಅಳತೆಗೆ ಬರೆದುಕೊಳ್ಳಿ. ಸ್ಮಾರಕದ ಮೇಲೆ ಮಣ್ಣೋ ರಬ್ಬರೋ ಒತ್ತಿ ಅಚ್ಚು ತೆಗೆಯುವ ಯೋಚನೆ ಖಂಡಿತ ಬೇಡ. ಚೌಕ, ವೃತ್ತಗಳ ಸರಳ ವಿನ್ಯಾಸ ಸಾಕು. ಬಳಪದ ಕಲ್ಲಿನಲ್ಲಿ ಶಿಲ್ಪಿ ಬಿಡಿಸಿದ ನಾಜೂಕು ಬಳ್ಳಿ ಕಾಂಕ್ರೀಟ್‌ಗೆ ಬರುವುದಿಲ್ಲ. ಬಂದರೂ ಮುರಿಯುತ್ತದೆ. ರಂಧ್ರಗಳ ನಡುವಿನ ಪಟ್ಟಿ 25 ಮಿ.ಮೀ.ಗಿಂತ ಸಣ್ಣದಾಗದಿರಲಿ. ಒಳಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಚೂಪು ಮೂಲೆಯಲ್ಲೇ ಬಿರುಕು ಶುರುವಾಗುವುದು.

ಇನ್ನು ಅಚ್ಚು. ಅರ್ಧ ಕೆಲಸ ಇದರದ್ದೇ. ಮರ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯಲ್ಲಿ ಒಂದು ಮಾದರಿ ಕೊರೆಸಿ, ಅದರ ಮೇಲೆ ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ಮಾಡಿಸಿ. ಹತ್ತಾರು ಪ್ಯಾನೆಲ್ ಬೇಕಿದ್ದರೆ ಫೈಬರ್ ಅಚ್ಚು ಒಳ್ಳೆಯದು. ಆದರೆ ಅದು ಬಗ್ಗುವುದಿಲ್ಲ. ಹಾಗಾಗಿ ರಂಧ್ರದ ಬದಿಗಳು ನೆಟ್ಟಗಿರದೆ ತುಸು ಓರೆಯಾಗಿರಬೇಕು, ಇಲ್ಲದಿದ್ದರೆ ಪ್ಯಾನೆಲ್ ಈಚೆ ಬರುವುದೇ ಇಲ್ಲ. ಅಚ್ಚಿಗೆ ಸವರಲು ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ತರುವುದು ಮೇಸ್ತ್ರಿಗಳ ರೂಢಿ. ತರಬೇಡಿ, ಕಲೆ ಉಳಿಯುತ್ತದೆ. ಇದಕ್ಕೆಂದೇ ಸಿಗುವ ಎಣ್ಣೆಯನ್ನು ತೆಳ್ಳಗೆ ಸವರಿ.

ಎರಡಡಿ ಚದರ, 50 ಮಿ.ಮೀ. ದಪ್ಪದ ಪ್ಯಾನೆಲ್ ಅನುಕೂಲ. ಮೂರನೇ ಒಂದು ಭಾಗ ರಂಧ್ರವಿದ್ದರೆ ತೂಕ ಸುಮಾರು 30 ಕೆ.ಜಿ. ಬರುತ್ತದೆ, ಇಬ್ಬರು ಎತ್ತಬಹುದು. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಎಂ-ಸ್ಯಾಂಡ್, ಎರಡು ಪಾಲು 6 ಮಿ.ಮೀ. ಜಲ್ಲಿ ಕಲಸಿ. 50 ಕೆ.ಜಿ. ಚೀಲಕ್ಕೆ 22 ಲೀಟರ್‌ಗಿಂತ ಜಾಸ್ತಿ ನೀರು ಬೇಡ. ಗಟ್ಟಿಯಾಯಿತು ಅನ್ನಿಸಿದರೆ ನೀರಿನ ಬದಲು, ಮಿಶ್ರಣವನ್ನು ಸಡಿಲ ಮಾಡುವ ಪ್ಲಾಸ್ಟಿಸೈಸರ್ ಹಾಕಿ. ಕಲ್ಲಿನ ಬಣ್ಣ ಬೇಕೇ? ಐರನ್ ಆಕ್ಸೈಡ್ ಪುಡಿ ಬೆರೆಸಬಹುದು, ಸಿಮೆಂಟ್ ತೂಕದ ಶೇ 5 ಮೀರದಂತೆ. ಪ್ರತಿ ಸಲವೂ ತೂಗಿಯೇ ಹಾಕಿ. ಕಣ್ಣಂದಾಜಿಗೆ ಹಾಕಿದರೆ ಪ್ಯಾನೆಲ್ಲಿಗೊಂದು ಬಣ್ಣ ಬರುತ್ತದೆ.

ಮಳೆ ತಾಗುವ ಜಾಲಂಧ್ರದ ದೊಡ್ಡ ಶತ್ರು ತುಕ್ಕು. ಇಷ್ಟು ಸಣ್ಣ ಪಟ್ಟಿಯೊಳಗೆ ಮಾಮೂಲಿ ಕಬ್ಬಿಣದ ಸರಳು ಇಟ್ಟರೆ ಅದನ್ನು ಕಾಯುವಷ್ಟು ಕಾಂಕ್ರೀಟ್ ಸುತ್ತ ಇರುವುದಿಲ್ಲ. ತುಕ್ಕು ಹಿಡಿದ ಸರಳು ಉಬ್ಬಿ ಪ್ಯಾನೆಲ್ಲನ್ನೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿ ಬಳಸಿ. ದುಬಾರಿ ನಿಜ, ಆದರೆ ಬೇಕಾಗುವುದು ಸ್ವಲ್ಪವೇ ಅಲ್ವಾ? ದೊಡ್ಡ ಕಟ್ಟಡಗಳಲ್ಲಿ ಸರಳೇ ಇಲ್ಲದೆ, ಕ್ಷಾರ ತಡೆಯುವ ಗಾಜಿನ ನಾರು ಬೆರೆಸಿದ ಜಿಆರ್‌ಸಿ ಪ್ಯಾನೆಲ್ ಹಾಕುತ್ತಾರೆ. ಅದು ತೆಳು, ಹಗುರ. ಆದರೆ ಕಾರ್ಖಾನೆಯಲ್ಲೇ ಆಗುವ ಕೆಲಸ.

ಮಿಶ್ರಣ ತುಂಬುವಾಗ ಅಚ್ಚನ್ನು ಚೆನ್ನಾಗಿ ಅದುರಿಸಿ, ಗಾಳಿಗುಳ್ಳೆ ಹೋಗಲಿ. ಮಾರನೇ ದಿನ ಬಿಚ್ಚಿ, ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಡಿ. 7 ದಿನವಾದರೂ ನೀರುಣಿಸಲೇಬೇಕು, 14 ದಿನವಾದರೆ ಇನ್ನೂ ವಾಸಿ.

ಕೂರಿಸುವಾಗ ಗೋಡೆಯ ಭಾರ ಪ್ಯಾನೆಲ್ ಮೇಲೆ ಬೀಳಬಾರದು. ಮೇಲೆ ಆ ಭಾರ ಹೊರುವ ಅಡ್ಡತೊಲೆ, ಅಂದರೆ ಲಿಂಟಲ್ ಇರಲೇಬೇಕು. ಎತ್ತರದ ಗೋಡೆಯಾದರೆ ಎಂಜಿನಿಯರ್‌ಗೆ ತೋರಿಸಿ. ಸ್ಟೇನ್‌ಲೆಸ್ ಪಿನ್‌ಗಳಿಂದ ಬಿಗಿದು, ಸುತ್ತ 8ರಿಂದ 10 ಮಿ.ಮೀ. ಸಂದು ಬಿಟ್ಟು ಸೀಲೆಂಟ್ ತುಂಬಿ. ಕೆಳಗಿನ ಅಂಚು ಹೊರಗೆ ಇಳಿಜಾರಿರಲಿ, ಇಲ್ಲದಿದ್ದರೆ ಮಳೆನೀರು ಒಳಗೇ ಬರುತ್ತದೆ. ಸೊಳ್ಳೆ ಜಾಲರಿಯನ್ನು ಒಳಗಡೆ, ಬೇಕಾದಾಗ ಬಿಚ್ಚಬಹುದಾದ ಚೌಕಟ್ಟಿನಲ್ಲಿ ಕೂರಿಸಿ. ಜೇಡರ ಬಲೆ ತೆಗೆಯಲು ಕೈ ಹೋಗಬೇಕಲ್ಲ!