ಬೇಸ್ ಗಿಟಾರ್‌ಗೆ ಆಂಪ್ ಮತ್ತು ಕ್ಯಾಬಿನೆಟ್: ವ್ಯಾಟ್ ಕೇಳುವ ಮೊದಲು ತೀರ್ಮಾನಿಸಬೇಕಾದದ್ದು

ಬೇಸ್ ಗಿಟಾರ್ ಕಲಿತು ಆರ್ಕೆಸ್ಟ್ರಾ ಸೇರಿದವರು ಸ್ವಂತ ಆಂಪ್ಲಿಫಯರ್ ಕೊಳ್ಳಲು ಕಲಬುರಗಿಯಿಂದ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟಾಗ, ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ವ್ಯಾಟ್?’ ಎಂಬುದೇ ಆಗಿರುತ್ತದೆ. ವ್ಯಾಟ್ ಮುಖ್ಯವಲ್ಲವೆಂದಲ್ಲ, ಆದರೆ ನುಡಿಸುವ ಜಾಗ, ಅಲ್ಲಿನ ಸೌಂಡ್ ಸಿಸ್ಟಮ್, ಸ್ಪೀಕರ್ ಕ್ಯಾಬಿನೆಟ್ಟಿನ (ಸ್ಪೀಕರ್ ಕೂರಿಸಿದ ಪೆಟ್ಟಿಗೆಯ) ಗುಣ, ಅದರ ಓಮ್ (ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ) ಇಷ್ಟನ್ನೂ ತೀರ್ಮಾನಿಸಿದ ಮೇಲೆ ಬರಬೇಕಾದ ಪ್ರಶ್ನೆ ಅದು. ಈ ಕ್ರಮ ತಲೆಕೆಳಗಾದಾಗ ದುಡ್ಡೆಲ್ಲ ಆಂಪಿಗೆ ಹೋಗಿ, ಮಿಕ್ಕಿದ್ದರಲ್ಲಿ ಯಾವುದೋ ಒಂದು ಕ್ಯಾಬಿನೆಟ್ ಮನೆಗೆ ಬರುತ್ತದೆ. ಕೊನೆಗೆ ಕಿವಿಗೆ ತಲುಪುವುದು ಆ ಕ್ಯಾಬಿನೆಟ್ಟಿನ ದನಿಯೇ. ಹಾಗಾಗಿ ಆಯ್ಕೆಯನ್ನು ಜಾಗದಿಂದ ಆರಂಭಿಸಿ, ಕ್ಯಾಬಿನೆಟ್ಟಿಗೆ ಬಂದು, ಆಮೇಲೆ ಆಂಪಿಗೆ ಹೋಗುವುದು ಸರಿಯಾದ ದಾರಿ.

ಎಲ್ಲಿ ನುಡಿಸುತ್ತೀರಿ?

ಮುಂದಿನ ಒಂದು ವರ್ಷದಲ್ಲಿ ನೀವು ನುಡಿಸಲಿರುವ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಂಥ ಸಭಾಂಗಣದಲ್ಲಿ ದೊಡ್ಡ ಕಾರ್ಯಕ್ರಮವಿದ್ದರೆ ಸೌಂಡ್‌ನವರು ಕೆಳಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರಾದ ಸಬ್‌ವೂಫರ್ ಸಮೇತ ಬಂದಿರುತ್ತಾರೆ. ನಿಮ್ಮ ಬೇಸ್ ಕೇಬಲ್ ಮೂಲಕ ಸೌಂಡ್‌ನವರ ಮಿಕ್ಸರ್‌ಗೆ ಹೋಗಿ, ಅಲ್ಲಿಂದ ಸಭೆಗೆ ಕೇಳುತ್ತದೆ. ಅಲ್ಲಿ ನಿಮ್ಮ ಆಂಪ್ ಮಾಡಬೇಕಾದ ಕೆಲಸ ನಿಮಗೂ ಡ್ರಮ್ಸ್ ನುಡಿಸುವವರಿಗೂ ಸ್ಪಷ್ಟವಾಗಿ ಕೇಳಿಸುವುದಷ್ಟೆ. ನೂತನ ವಿದ್ಯಾಲಯದ ಮೈದಾನದಂಥ ಬಯಲಿನಲ್ಲೂ ಹೆಚ್ಚುಕಡಿಮೆ ಇದೇ ಮಾತು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೆಳಸ್ವರಗಳನ್ನು ಹಿಂದಿರುಗಿಸಲು ಅಲ್ಲಿ ಗೋಡೆಯೂ ಇರುವುದಿಲ್ಲ, ಸೂರೂ ಇರುವುದಿಲ್ಲ. ಮೈದಾನದ ಕೊನೆಯ ಸಾಲಿಗೆ ಬೇಸ್ ಮುಟ್ಟಿಸುವುದು ಸಬ್‌ವೂಫರ್‌ಗಳ ಹೊಣೆ. ಆ ಹೊಣೆಯನ್ನು ನಿಮ್ಮ ಕ್ಯಾಬಿನೆಟ್ಟಿನ ಮೇಲೆ ಹೊರಿಸಲು ಹೋದರೆ ಸ್ಪೀಕರ್ ಹರಿಯುತ್ತದೆಯೇ ಹೊರತು ದನಿ ಮುಟ್ಟುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ಸಣ್ಣ ಜಾಗಗಳಲ್ಲಿ. ಓಣಿಯ ಗಣಪತಿ ಪೆಂಡಾಲು, ಕಾಲೇಜಿನ ಪುಟ್ಟ ಸಭಾಗೃಹ, ನೂರಿನ್ನೂರು ಜನ ಸೇರುವ ಮದುವೆ ಮನೆ ಇಂಥಲ್ಲಿ ಹಾಡುವವರ ದನಿಗಾಗಿ ಎರಡು ಸ್ಪೀಕರ್ ಬಾಕ್ಸ್ ನಿಲ್ಲಿಸಿರುತ್ತಾರೆ, ಸಬ್‌ವೂಫರ್ ಇರುವುದಿಲ್ಲ. ಆಗ ಇಡೀ ಬೇಸನ್ನು ನಿಮ್ಮ ಕ್ಯಾಬಿನೆಟ್ಟೇ ಹೊರಬೇಕು. ನಿಮ್ಮ ಹಾಳೆಯಲ್ಲಿ ಇಂಥ ಜಾಗಗಳೇ ಹೆಚ್ಚಿದ್ದರೆ ಕ್ಯಾಬಿನೆಟ್ಟಿಗೆ ಹೆಚ್ಚು ಹಣ ತೆಗೆದಿಡಿ. ಕಲ್ಯಾಣ ಮಂಟಪಗಳ ಬಗ್ಗೆ ಇನ್ನೊಂದು ಎಚ್ಚರಿಕೆ ಬೇಕು. ಕೆಳಗೆ ಶಹಾಬಾದ್ ಫರಸಿ ಅಥವಾ ಗ್ರಾನೈಟ್, ನಾಲ್ಕೂ ಕಡೆ ಬರಿಯ ಗಾರೆ ಗೋಡೆ, ಮೇಲೆ ಆರ್‌ಸಿಸಿ ಇರುವ ಹಾಲಿನಲ್ಲಿ ಕೆಳಸ್ವರಗಳು ಒಂದರ ಮೇಲೊಂದು ಬಿದ್ದು ಗುಂಯ್‌ಗುಡುತ್ತವೆ. ಅಲ್ಲಿ ಬೇಕಾದದ್ದು ಹೆಚ್ಚು ಬೇಸ್ ಅಲ್ಲ, ಹದವಾದ ಬೇಸ್. ಕ್ಯಾಬಿನೆಟ್ಟನ್ನು ಮೂಲೆಯಿಂದ ಈಚೆಗೆ ಎಳೆದಿಟ್ಟರೆ, ಬೇಸ್ ನಾಬ್ ಸ್ವಲ್ಪ ಇಳಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಕ್ಯಾಬಿನೆಟ್ಟಿನ ಆಯ್ಕೆ

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ಗೆ (ಸೆಕೆಂಡಿಗೆ 41 ಕಂಪನ) ಶ್ರುತಿಯಾಗಿರುತ್ತದೆ. ಐದು ತಂತಿಯದಾದರೆ ಅದು 31 ಹರ್ಟ್ಸ್‌ವರೆಗೆ ಇಳಿಯುತ್ತದೆ. ಸಾಮಾನ್ಯ ಗಿಟಾರಿನ ಕೆಳತಂತಿ 82 ಹರ್ಟ್ಸ್, ಎಂದರೆ ಬೇಸಿಗಿಂತ ಒಂದು ಸ್ಥಾಯಿ ಮೇಲೆ. ಅದೇ ಗಟ್ಟಿತನದಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ ಹೊರಡಬೇಕಾದರೆ ಸ್ಪೀಕರ್ ನಾಲ್ಕು ಪಟ್ಟು ಗಾಳಿಯನ್ನು ಸರಿಸಬೇಕಾಗುತ್ತದೆ. ಗಿಟಾರ್ ಆಂಪಿಗೆ ಬೇಸ್ ಸಿಕ್ಕಿಸಿ ಜೋರಾಗಿ ನುಡಿಸಬಾರದು ಎನ್ನುವುದು ಇದೇ ಕಾರಣಕ್ಕೆ; ಅದರ ಸ್ಪೀಕರ್ ಅಷ್ಟು ದೂರ ಹಿಂದೆ ಮುಂದೆ ಆಡಲು ಮಾಡಿದ್ದಲ್ಲ.

ಸ್ಪೀಕರಿನ ಅಳತೆಯ ಬಗ್ಗೆ ಹಳೆಯ ನಂಬಿಕೆಯೊಂದಿದೆ: 15 ಇಂಚಿನದು ಆಳವಾದ ದನಿ ಕೊಡುತ್ತದೆ, 10 ಇಂಚಿನದು ತೆಳ್ಳಗೆ ಕೇಳುತ್ತದೆ ಎಂದು. ಇದನ್ನು ಪೂರ್ತಿ ನಂಬಬೇಡಿ. ಎರಡು 10 ಇಂಚಿನ ಸ್ಪೀಕರ್‌ಗಳ ಒಟ್ಟು ಹರವು ಒಂದು 15 ಇಂಚಿನದರ ಹರವಿಗೆ ಹೆಚ್ಚುಕಡಿಮೆ ಸಮ. ದನಿ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಸ್ಪೀಕರಿನ ವಿನ್ಯಾಸ, ಪೆಟ್ಟಿಗೆಯ ಗಾತ್ರ, ಅದರ ರಂಧ್ರವನ್ನು ಯಾವ ಕಂಪನಕ್ಕೆ ಹೊಂದಿಸಿದ್ದಾರೆ ಎಂಬ ಮೂರೂ ಸೇರಿ ನಿರ್ಧರಿಸುತ್ತವೆ. ಪೆಟ್ಟಿಗೆ ಚಿಕ್ಕದಿರಬೇಕು, ದನಿ ಆಳಕ್ಕಿಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ಗಟ್ಟಿಯಾಗಿಯೂ ಕೇಳಬೇಕು ಎಂದರೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡನ್ನು ಆರಿಸಿಕೊಂಡು ಒಂದನ್ನು ಬಿಡಬೇಕಾಗುತ್ತದೆ. ಪುಟ್ಟ ಪೆಟ್ಟಿಗೆಯೊಂದು ಇವೆಲ್ಲವನ್ನೂ ಕೊಡುತ್ತದೆ ಎಂದು ಮಾರಾಟಗಾರರು ಹೇಳಿದರೆ ಅನುಮಾನಿಸುವುದೇ ಲೇಸು.

ಆದ್ದರಿಂದ ವಿವರಪಟ್ಟಿಯಲ್ಲಿ ವ್ಯಾಟಿಗಿಂತ ಮೊದಲು ಸೆನ್ಸಿಟಿವಿಟಿ ಎಂಬ ಸಾಲನ್ನು ಹುಡುಕಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೇಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಆಂಪಿನ ಶಕ್ತಿ ಇಮ್ಮಡಿಯಾದರೆ ಶಬ್ದ ಹೆಚ್ಚುವುದು ಕೇವಲ 3 ಡೆಸಿಬಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 100 ಡೆಸಿಬಲಿನ ಕ್ಯಾಬಿನೆಟ್ಟಿಗೆ ಕೊಟ್ಟ 300 ವ್ಯಾಟ್, 97 ಡೆಸಿಬಲಿನದಕ್ಕೆ ಕೊಟ್ಟ 600 ವ್ಯಾಟಿಗೆ ಸಮ. ಒಳ್ಳೆಯ ಕ್ಯಾಬಿನೆಟ್ಟಿಗೆ ಹಾಕಿದ ಹಣ ವ್ಯರ್ಥವಾಗದು ಎಂದು ಒತ್ತಿ ಹೇಳುವುದು ಈ ಲೆಕ್ಕದಿಂದಲೇ.

ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ 1951ರಲ್ಲಿ ಬಂತು, ಅದಕ್ಕೆಂದೇ ಮಾಡಿದ ಬೇಸ್‌ಮನ್ ಆಂಪ್ 1952ರಲ್ಲಿ. ಆಂಪೆಗ್ ಕಂಪನಿ 1969ರಲ್ಲಿ ತಂದ 300 ವ್ಯಾಟಿನ ಎಸ್‌ವಿಟಿ ಆಂಪಿನ ಜೊತೆಗೆ ಎಂಟು 10 ಇಂಚಿನ ಸ್ಪೀಕರ್‌ಗಳ, ಎದೆಯೆತ್ತರದ ಕ್ಯಾಬಿನೆಟ್ ಪ್ರಸಿದ್ಧವಾಯಿತು. ವೇದಿಕೆಯ ಮೇಲಿನ ಆಂಪೇ ಸಭೆಗೂ ಬೇಸ್ ಕೇಳಿಸಬೇಕಿದ್ದ ಕಾಲದ ಯಂತ್ರವದು. ಇಂದು ಅಂಥದ್ದನ್ನು ಟಂಟಂನಲ್ಲಿ ಹೇರಿಕೊಂಡು ಓಣಿಯಿಂದ ಓಣಿಗೆ ಓಡಾಡುವ ಅಗತ್ಯವಿಲ್ಲ. ನಮ್ಮ ಭಾಗದ ಬಹುಪಾಲು ಕಾರ್ಯಕ್ರಮಗಳಿಗೆ ಎರಡು 10 ಇಂಚಿನ ಅಥವಾ ಒಂದು 12 ಇಂಚಿನ ಒಳ್ಳೆಯ ಕ್ಯಾಬಿನೆಟ್ಟಿನಿಂದ ಆರಂಭಿಸಿ, ಕೆಲಸ ಹೆಚ್ಚಿದಂತೆ ಅಂಥದ್ದೇ ಇನ್ನೊಂದನ್ನು ಸೇರಿಸಿಕೊಳ್ಳುವುದು ಜಾಣತನವೆಂದು ನನ್ನ ಖಚಿತ ಅಭಿಪ್ರಾಯ. ಎರಡನೆಯದು ಅದೇ ಕಂಪನಿಯ ಅದೇ ಮಾದರಿಯದಾಗಿರಲಿ; 15 ಮತ್ತು 10 ಇಂಚಿನವನ್ನು ಬೆರೆಸಿದರೆ ಕೆಲವು ಸ್ವರಗಳು ಒಂದನ್ನೊಂದು ನುಂಗಿಹಾಕಬಹುದು. ಎರಡನ್ನೂ ಅಕ್ಕಪಕ್ಕ ಇಡದೆ ಒಂದರ ಮೇಲೊಂದು ನಿಲ್ಲಿಸಿ. ಮೇಲಿನ ಸ್ಪೀಕರ್ ಕಿವಿಯ ಎತ್ತರಕ್ಕೆ ಬಂದಷ್ಟೂ ನೀವು ನುಡಿಸುತ್ತಿರುವುದು ನಿಮಗೆ ಬಿಡಿಬಿಡಿಯಾಗಿ ಕೇಳುತ್ತದೆ. ಒಂದೇ ಕ್ಯಾಬಿನೆಟ್ಟನ್ನು ನೆಲದ ಮೇಲಿಟ್ಟುಕೊಂಡವರು ತಮ್ಮ ಮೊಣಕಾಲಿಗೆ ಬೇಸ್ ಕೇಳಿಸುತ್ತಾ, ‘ಕೇಳಿಸುತ್ತಿಲ್ಲ’ ಎಂದು ವಾಲ್ಯೂಮ್ ಏರಿಸುತ್ತಾ ಹೋಗುವುದನ್ನು ಎಷ್ಟೋ ವೇದಿಕೆಗಳಲ್ಲಿ ನೋಡಬಹುದು.

ಭಾರದ ವಿಷಯದಲ್ಲಿ, ನಿಯೋಡಿಮಿಯಮ್ ಆಯಸ್ಕಾಂತದ ಸ್ಪೀಕರ್‌ಗಳು ಫೆರೈಟ್‌ನವಕ್ಕಿಂತ ಬಹಳ ಹಗುರ, ಬೆಲೆ ಹೆಚ್ಚು. ಮೆಟ್ಟಿಲು ಹತ್ತಿಸಲು ಜೊತೆಗಾರರಿಲ್ಲದವರಿಗೆ ಆ ಬೆಲೆ ಯೋಗ್ಯವೇ.

ಓಮ್ ಲೆಕ್ಕ: ಇಲ್ಲಿ ತಪ್ಪಬಾರದು

ಕ್ಯಾಬಿನೆಟ್ಟಿನ ಹಿಂಬದಿಯ ತಟ್ಟೆಯ ಮೇಲೆ 8 ಓಮ್ ಅಥವಾ 4 ಓಮ್ ಎಂದು ಅಚ್ಚಾಗಿರುತ್ತದೆ. ಆಂಪಿನ ಹಿಂಬದಿ, ಸ್ಪೀಕರ್ ಸಿಕ್ಕಿಸುವ ತೂತಿನ ಪಕ್ಕದಲ್ಲೇ, ಕನಿಷ್ಠ ಎಷ್ಟು ಓಮ್ ಎಂಬುದು ಇರುತ್ತದೆ. ಅಂಗಡಿಯಲ್ಲಿ ಎರಡನ್ನೂ ತಿರುಗಿಸಿ, ಮೊಬೈಲ್ ಬೆಳಕು ಬಿಟ್ಟು, ನೀವೇ ಓದಿ. ಬೇಸ್ ಕ್ಯಾಬಿನೆಟ್ಟುಗಳನ್ನು ಒಂದಕ್ಕೊಂದು ಜೋಡಿಸುವುದು ಸಾಮಾನ್ಯವಾಗಿ ಪ್ಯಾರಲಲ್ ಕ್ರಮದಲ್ಲಿ, ಹಾಗಾಗಿ ಜೋಡಿಸಿದಂತೆ ಓಮ್ ಇಳಿಯುತ್ತದೆ. 8ರ ಎರಡು ಸೇರಿದರೆ 4, 4ರ ಎರಡು ಸೇರಿದರೆ 2, 8 ಮತ್ತು 4 ಸೇರಿದರೆ ಸುಮಾರು 2.7. ಕನಿಷ್ಠ 4 ಓಮ್ ಎಂದಿರುವ ಆಂಪಿಗೆ 2 ಅಥವಾ 2.7 ಓಮಿನ ಹೊರೆ ಕೊಟ್ಟರೆ ಅದು ಕಾದು, ರಕ್ಷಣೆಯ ವ್ಯವಸ್ಥೆಯಿದ್ದರೆ ಕಾರ್ಯಕ್ರಮದ ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಸುಡುತ್ತದೆ.

ಇದರಿಂದ ಹೊರಡುವ ಸಲಹೆ ನೇರವಾದದ್ದು: ಮೊದಲ ಕ್ಯಾಬಿನೆಟ್ 8 ಓಮಿನದೇ ಇರಲಿ. 4 ಓಮಿನ ಒಂದನ್ನು ತಂದರೆ ಬಹುತೇಕ ಆಂಪ್‌ಗಳಿಗೆ ಅಲ್ಲಿಗೇ ಮಿತಿ ಮುಗಿಯಿತು, ಎರಡನೆಯದನ್ನು ಸೇರಿಸಲಾಗದು. 8 ಓಮಿನ ಒಂದೇ ಕ್ಯಾಬಿನೆಟ್ಟಿಗೆ ಆಂಪ್ ತನ್ನ 4 ಓಮಿನ ಶಕ್ತಿಯ ಅರ್ಧದಿಂದ ಮೂರನೇ ಎರಡು ಪಾಲನ್ನಷ್ಟೇ ಕೊಡುತ್ತದೆ ಎಂಬುದು ನಿಜ. ಆದರೆ ಎರಡನೆಯದು ಸೇರಿದಾಗ ಸ್ಪೀಕರಿನ ಹರವೂ ಹೆಚ್ಚಿ, ಆಂಪಿನ ಪೂರ್ತಿ ಶಕ್ತಿಯೂ ಬಿಡುಗಡೆಯಾಗಿ, ಒಟ್ಟು ಹೆಚ್ಚಳ 6 ಡೆಸಿಬಲಿನ ಹತ್ತಿರ ಬರುತ್ತದೆ. ಆಂಪೊಂದನ್ನೇ ಬದಲಿಸಿ ಇಷ್ಟು ಪಡೆಯಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕಾದೀತು. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಇರುವವರಿಗೆ ನಿಯಮ ಇನ್ನೂ ಬಿಗಿ: ಓಮ್ ಸ್ವಿಚ್ಚು ಕ್ಯಾಬಿನೆಟ್ಟಿಗೆ ಹೊಂದಿರಬೇಕು, ಸ್ಪೀಕರ್ ಸಿಕ್ಕಿಸದೆ ಅದನ್ನು ಎಂದೂ ಆನ್ ಮಾಡಿ ನುಡಿಸಬಾರದು.

ಆಂಪಿನಿಂದ ಕ್ಯಾಬಿನೆಟ್ಟಿಗೆ ಹೋಗುವುದು ದಪ್ಪ ತಂತಿಯ ಸ್ಪೀಕರ್ ಕೇಬಲ್ಲೇ ಆಗಿರಬೇಕು. ಗಿಟಾರ್ ಕೇಬಲ್ ನೋಡಲು ಅದರಂತೆಯೇ ಇದ್ದರೂ ಒಳಗಿನ ತಂತಿ ತೆಳು; ಅಷ್ಟು ಕರೆಂಟ್ ತಾಳದೆ ಬಿಸಿಯಾಗುತ್ತದೆ. ತಿರುಗಿಸಿ ಬಿಗಿಯುವ ಸ್ಪೀಕಾನ್ ಕನೆಕ್ಟರ್ ಇರುವ ಆಂಪ್ ಮತ್ತು ಕ್ಯಾಬಿನೆಟ್ಟನ್ನೇ ಆರಿಸಿ. ಕಾಲು ತಗುಲಿದರೂ ಅದು ಕಳಚುವುದಿಲ್ಲ.

ಈಗ ಆಂಪ್

ಡ್ರಮ್ಸ್ ಇರುವ ತಂಡಕ್ಕೆ 4 ಓಮಿಗೆ 300ರಿಂದ 500 ವ್ಯಾಟ್ ಸಾಕು. ಈ ಅಂಕಿ ಆರ್‌ಎಂಎಸ್ (ಆಂಪ್ ನಿರಂತರವಾಗಿ ಕೊಡಬಲ್ಲ ಶಕ್ತಿ) ಲೆಕ್ಕದ್ದೇ ಎಂದು ಖಚಿತಪಡಿಸಿಕೊಳ್ಳಿ. ಕ್ಷಣಮಾತ್ರದ ಪೀಕ್ ವ್ಯಾಟ್, ಹಿಂದೆ ಟೇಪ್ ರೆಕಾರ್ಡರ್‌ಗಳ ಮೇಲೆ ಬರೆಯುತ್ತಿದ್ದ ಪಿಎಂಪಿಒ ಇವು ಆಯ್ಕೆಗೆ ಆಧಾರವಲ್ಲ. ಈಗಿನ ಕ್ಲಾಸ್ ಡಿ ಎಂಬ ವಿನ್ಯಾಸದ ಆಂಪ್‌ಗಳು ಎರಡು ಮೂರು ಕಿಲೋ ತೂಕದಲ್ಲೇ ಇಷ್ಟು ಶಕ್ತಿ ಕೊಡುತ್ತವೆ. ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಅಭ್ಯಾಸಕ್ಕೂ ಸಣ್ಣ ಕಾರ್ಯಕ್ರಮಕ್ಕೂ ಅನುಕೂಲ, ಆದರೆ ಹೊರಗಿನ ಕ್ಯಾಬಿನೆಟ್ ಸೇರಿಸುವ ಅವಕಾಶವಿದೆಯೇ ನೋಡಿ.

ಬೇಸಿನ ಸಿಗ್ನಲನ್ನು ನೇರವಾಗಿ ಮಿಕ್ಸರ್‌ಗೆ ಕಳಿಸುವ ಡಿಐ ಔಟ್ ಎಂಬ ಜಾಕ್ ಇಲ್ಲದ ಆಂಪನ್ನು ವೇದಿಕೆಗೆಂದು ಕೊಳ್ಳಬೇಡಿ. ಅದರ ಪಕ್ಕದಲ್ಲಿ ಪ್ರಿ-ಪೋಸ್ಟ್ ಸ್ವಿಚ್ ಇದ್ದರೆ ಪ್ರಿ (ಟೋನ್ ನಾಬ್‌ಗಳಿಗಿಂತ ಮೊದಲಿನ ಸಿಗ್ನಲ್) ಕಡೆಗೇ ಇಡಿ. ವೇದಿಕೆಯ ಮೇಲೆ ನೀವು ಟೋನ್ ಎಷ್ಟೇ ಬದಲಿಸಿದರೂ ಸಭೆಗೆ ಹೋಗುವ ದನಿ ಕೆಡದೆ, ಸೌಂಡ್‌ನವರ ಕೆಲಸ ಹಗುರವಾಗುತ್ತದೆ. 30–40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಇದ್ದರೆ ಅದು ಸ್ಪೀಕರಿನ ಆಯುಸ್ಸನ್ನೇ ಹೆಚ್ಚಿಸುತ್ತದೆ, ಏಕೆಂದರೆ ಕಿವಿಗೆ ಅಷ್ಟಾಗಿ ಕೇಳದ ಆ ಕಂಪನಗಳೇ ಸ್ಪೀಕರಿನ ಕೋನನ್ನು (ಹಿಂದೆ ಮುಂದೆ ಆಡುವ ಶಂಕುವಿನಾಕಾರದ ಹಾಳೆಯನ್ನು) ಅತಿಯಾಗಿ ಕುಣಿಸುವುದು.

ಕರೆಂಟಿನ ವಿಷಯ ನಮ್ಮಲ್ಲಿ ಹಗುರವಾಗಿ ಕಾಣುವಂಥದ್ದಲ್ಲ. ಹೊರದೇಶದಿಂದ ತರಿಸಿದ ಆಂಪಾದರೆ ಹಿಂಬದಿಯ ಸ್ವಿಚ್ಚು 230 ವೋಲ್ಟಿಗಿದೆಯೇ ಎಂದು ನೋಡದೆ ಪ್ಲಗ್ ಸಿಕ್ಕಿಸಬೇಡಿ. ‘ಹಮ್’ (ಗುಂಯ್ ಎನ್ನುವ ಸದ್ದು) ಬರುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ತಂತಿವಾದ್ಯ ಕೈಯಲ್ಲಿ ಹಿಡಿದು ಮೈಕಿಗೆ ತುಟಿ ತಾಗಿಸುವವರಿಗೆ ಅದು ಪ್ರಾಣಾಪಾಯ. ಹಮ್ ಹೋಗಲು ಡಿಐ ಔಟಿನ ಗ್ರೌಂಡ್ ಲಿಫ್ಟ್ ಸ್ವಿಚ್ (ಇದು ಮಿಕ್ಸರ್‌ಗೆ ಹೋಗುವ ಕೇಬಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ) ಒತ್ತಿ, ವೇದಿಕೆಯ ಎಲ್ಲ ಉಪಕರಣಗಳಿಗೂ ಒಂದೇ ಕಡೆಯಿಂದ ಕರೆಂಟ್ ಎಳೆಸಿ. ಜನರೇಟರ್ ಮೇಲೆ ನಡೆಯುವ ಪೆಂಡಾಲಿನಲ್ಲಿ ಅರ್ಥಿಂಗ್ ಮಾಡಿದ್ದಾರೆಯೇ ಎಂದು ಮೊದಲೇ ಕೇಳಿ. ನಮ್ಮ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವುದರಿಂದ ಆಂಪನ್ನು ಬಿಸಿಲಿಗಿಡಬೇಡಿ, ಗಾಳಿಯಾಡುವ ತೂತುಗಳ ಮೇಲೆ ಶಾಲು, ಹಾರ ಹಾಕಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಕೊಡುವ ವಿನಾಯಿತಿ ವರ್ಷಕ್ಕೆ 15 ದಿನ ಮೀರದು, ಅದೂ ನಡುರಾತ್ರಿಯವರೆಗೆ ಮಾತ್ರ. ಸೌಂಡ್ ಚೆಕ್ಕಿಗೆ ಬೇಗ ಹೋಗಬೇಕಾದದ್ದು ಇದಕ್ಕೂ ಸೇರಿಯೇ.

ಕೊಳ್ಳುವ ದಿನ

ನಿಮ್ಮದೇ ಬೇಸ್ ಒಯ್ಯಿರಿ. ಟೋನ್ ನಾಬ್‌ಗಳನ್ನೆಲ್ಲ ಮಧ್ಯಕ್ಕಿಟ್ಟು, ಕೆಳತಂತಿಯಿಂದ ಒಂದೊಂದೇ ಮೆಟ್ಟಿಲು ಏರುತ್ತಾ ನುಡಿಸಿ. ಯಾವುದೋ ಒಂದೇ ಸ್ವರ ಎದ್ದು ನಿಂತರೆ, ಇನ್ನೊಂದು ಮುಳುಗಿದರೆ ಗುರುತು ಹಾಕಿಕೊಳ್ಳಿ. ಆಮೇಲೆ ಅಂಗಡಿಯವರಿಗೆ ಬೇಸ್ ಕೊಟ್ಟು ನೀವು ನಾಲ್ಕೈದು ಮೀಟರ್ ದೂರ ಸರಿದು ಕೇಳಿ. ಹತ್ತಿರ ಕೇಳಿದ್ದೇ ದೂರಕ್ಕೆ ಕೇಳುವುದಿಲ್ಲ.

ಹಳೆಯ ಕ್ಯಾಬಿನೆಟ್ ಕೊಳ್ಳುವವರು ಮುಂದಿನ ಜಾಲರಿ ತೆಗೆಸಿ, ಎರಡೂ ಕೈಗಳ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿಟ್ಟು ನಿಧಾನವಾಗಿ ಒಳಗೆ ಒತ್ತಬೇಕು. ಕರಕರ ಎಂದು ಉಜ್ಜಿದ ಸದ್ದು ಬಂದರೆ ಒಳಗಿನ ಕಾಯಿಲ್ ಕೆಟ್ಟಿದೆ. ನಂತರ ಮಲ್ಟಿಮೀಟರನ್ನು ಕ್ಯಾಬಿನೆಟ್ಟಿಗೆ ಸಿಕ್ಕಿಸಿದ ಸ್ಪೀಕರ್ ಕೇಬಲಿನ ಇನ್ನೊಂದು ತುದಿಗೆ ಹಿಡಿಸಿ ನೋಡಿ: 8 ಓಮಿನ ಕ್ಯಾಬಿನೆಟ್ಟಾದರೆ ಮೀಟರ್ 6ರ ಆಸುಪಾಸು ತೋರಿಸುತ್ತದೆ, 4 ಓಮಿನದಾದರೆ 3ರಿಂದ 3.5. ಎರಡು ಸ್ಪೀಕರಿನ 8 ಓಮ್ ಕ್ಯಾಬಿನೆಟ್ 12ರ ಹತ್ತಿರ ತೋರಿಸಿತೆಂದರೆ, ಒಳಗಿನ ಎರಡರಲ್ಲಿ ಒಂದು ಸುಟ್ಟಿದೆ ಎಂದೇ ಬಹುಮಟ್ಟಿಗೆ ತಿಳಿಯಬೇಕು. ಅದನ್ನು ಬದಲಿಸುವ ಖರ್ಚನ್ನು ಕಳೆದು ಬೆಲೆ ಕೇಳಿ.